ವಿಮಾನದ ಮೈಯಲ್ಲಿ ಅಡಗಿದ ಬಿರುಕನ್ನು ಎಡ್ಡಿ ಕರೆಂಟ್‌ನಿಂದ ಹುಡುಕೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತರಗಿಯ ಏರೋಸ್ಪೇಸ್ ಎಸ್‌ಇಝಡ್ ಬಂದ ಮೇಲೆ ಬೆಳಗಾವಿ ಕಡೆ ವಿಮಾನದ ಬಿಡಿಭಾಗ ಅಂದರೆ ಯಾರಿಗೂ ಹೊಸ ಮಾತಲ್ಲ. ಹುಕ್ಕೇರಿ, ಸಂಕೇಶ್ವರದ ಹುಡುಗರು ದಿನಾ ಸಿಎನ್‌ಸಿ ಯಂತ್ರದ ಮುಂದೆ ನಿಂತು ಅಲ್ಯೂಮಿನಿಯಂ ಕಡಿಯುತ್ತಾರೆ. ಆದರೆ ಆ ಭಾಗ ವಿಮಾನದಲ್ಲಿ ಕೂತು ಇಪ್ಪತ್ತು ವರ್ಷ ಹಾರಿದ ಮೇಲೆ ಅದರ ಗತಿ ಏನು, ಆಮೇಲೆ ಅದನ್ನು ಯಾರು ನೋಡುತ್ತಾರೆ, ಹೇಗೆ ನೋಡುತ್ತಾರೆ ಅನ್ನೋದು ಮಾತ್ರ ಜಾಸ್ತಿ ಜನರಿಗೆ ಗೊತ್ತಿಲ್ಲ. ನಾನು ಎನ್‌ಡಿಟಿ ಕೆಲಸದವನು, ಅಂದರೆ ವಸ್ತುವನ್ನು ಕೆಡಿಸದೆ ಅದರೊಳಗಿನ ದೋಷ ಹುಡುಕುವವನು. ಡಿಪ್ಲೊಮಾ ಹುಡುಗರು, ಅವರ ಅಪ್ಪಂದಿರು, ಉದ್ಯಮಬಾಗಿನ ಫೌಂಡ್ರಿ ಗೆಳೆಯರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ.

ಅಷ್ಟು ದುಬಾರಿ ವಿಮಾನ, ಅದಕ್ಕೂ ಬಿರುಕು ಬರುತ್ತಾ?

ಬರುತ್ತೆ. ಹಾರುವ ಪ್ರತಿ ವಿಮಾನದಲ್ಲೂ ಒಂದಲ್ಲ ಒಂದು ದಿನ ಬಂದೇ ಬರುತ್ತೆ ಅಂತ ಲೆಕ್ಕ ಹಾಕಿಯೇ ವಿನ್ಯಾಸ ಮಾಡುತ್ತಾರೆ.

ಕಾರಣ ಸರಳ. ಮೂವತ್ತು ಸಾವಿರ ಅಡಿ ಮೇಲೆ ಗಾಳಿ ತೆಳು, ಒಳಗೆ ಕೂತವರು ಉಸಿರಾಡಬೇಕು, ಹಾಗಾಗಿ ಕ್ಯಾಬಿನ್ ಒಳಗೆ ಒತ್ತಡ ತುಂಬುತ್ತಾರೆ. ಜೆಟ್ ವಿಮಾನದಲ್ಲಿ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ ಸುಮಾರು 8 ಪಿಎಸ್‌ಐ, ಅಂದರೆ ಚದರ ಇಂಚಿಗೆ 8 ಪೌಂಡ್. ಕೇಳೋಕೆ ಸಣ್ಣದು, ಕಾರಿನ ಟೈರಿನಲ್ಲೇ 30 ಇರುತ್ತೆ. ಆದರೆ ಲೆಕ್ಕ ಹಾಕಿ ನೋಡಿ, ಒಂದು ಚದರ ಮೀಟರ್ ತಗಡಿನ ಮೇಲೆ ಐದೂವರೆ ಟನ್‌ನಷ್ಟು ತಳ್ಳುವ ಬಲ. ಆ ತಗಡಿನ ದಪ್ಪ ಎಷ್ಟೋ ಕಡೆ ಒಂದು ಮಿಲಿಮೀಟರ್ ಆಸುಪಾಸು. ವಿಮಾನ ಏರಿದಾಗ ಮೈ ಉಬ್ಬುತ್ತೆ, ಇಳಿದಾಗ ಕುಗ್ಗುತ್ತೆ. ಇದು ಸಾವಿರಾರು ಸಲ ನಡೆದ ಮೇಲೆ ರಿವೆಟ್ ತೂತಿನ ಅಂಚಿನಂಥ ಕಡೆ, ಅಂದರೆ ಎಳೆತ ಗುಂಪು ಸೇರುವ ಕಡೆ, ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತೆ. ಇದೇ ಫ್ಯಾಟೀಗ್. ಬಿರುಕು ಇದೆ ಅನ್ನೋದು ಅಪಾಯ ಅಲ್ಲ, ಇದೆ ಅಂತ ನಮಗೆ ಗೊತ್ತಿಲ್ಲದೆ ಇರೋದು ಅಪಾಯ.

ಹಾಗಾದ್ರೆ ಹಳೆಯ ವಿಮಾನ ಅಂದ್ರೆ ಜಾಸ್ತಿ ಗಂಟೆ ಹಾರಿದ್ದು ಅಂತಲೇ?

ಇಲ್ಲಿ ಗಂಟೆಗಿಂತ ಸೈಕಲ್ ಮುಖ್ಯ. ಒಂದು ಸಲ ಏರಿ ಇಳಿದರೆ ಒಂದು ಸೈಕಲ್. ಮುಂಬೈಯಿಂದ ಲಂಡನ್‌ಗೆ ಹೋದರೂ ಒಂದೇ, ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಬೆಂಗಳೂರಿಗೆ ಹೋದರೂ ಒಂದೇ. ಹಾಗಾಗಿ ಸಣ್ಣ ಸಣ್ಣ ಹಾರಾಟ ಮಾಡುವ ವಿಮಾನದ ಮೈ ಬೇಗ ದಣಿಯುತ್ತೆ.

ಇದಕ್ಕೆ ಇಡೀ ಲೋಕಕ್ಕೆ ಪಾಠ ಆದದ್ದು ಅಲೋಹಾ ಏರ್‌ಲೈನ್ಸ್ 243. 1988ರ ಏಪ್ರಿಲ್ 28, ಹವಾಯಿ. ಬೋಯಿಂಗ್ 737-200, 24,000 ಅಡಿ ಎತ್ತರ, 95 ಜನ. ಮುಂಭಾಗದ ಛಾವಣಿ ಪೂರ್ತಿ ಕಿತ್ತು ಹಾರಿಹೋಯಿತು. ಪೈಲಟ್‌ಗಳು ಹೇಗೋ ಮಾವಿ ದ್ವೀಪದಲ್ಲಿ ಇಳಿಸಿದರು, ಆದರೆ ಒಬ್ಬ ಗಗನಸಖಿ ಗಾಳಿಯ ಸೆಳೆತಕ್ಕೆ ಹೊರಗೆ ಹೋಗಿಬಿಟ್ಟರು. ಆ ವಿಮಾನ ಹಾರಿದ್ದು 35,496 ಗಂಟೆ, ಸೈಕಲ್ ಮಾತ್ರ 89,680. ಭಾಗಿಸಿ ನೋಡಿ, ಸರಾಸರಿ ಒಂದು ಹಾರಾಟ 24 ನಿಮಿಷ. ದ್ವೀಪದಿಂದ ದ್ವೀಪಕ್ಕೆ ದಿನಪೂರ್ತಿ ಓಡಾಟ. ಆ ಮಾದರಿಯ ವಿನ್ಯಾಸ ಮಾಡಿದಾಗ ಇಟ್ಟುಕೊಂಡಿದ್ದ ಗುರಿ 75,000 ಸೈಕಲ್.

ಅಲೋಹಾ ವಿಮಾನವನ್ನು ಯಾರೂ ಪರೀಕ್ಷೆ ಮಾಡಿರಲಿಲ್ವಾ?

ಇದನ್ನು ಸ್ವಲ್ಪ ಉದ್ದ ಹೇಳಬೇಕು, ಯಾಕಂದ್ರೆ ನಮ್ಮ ಕೆಲಸದ ಕಷ್ಟ ಪೂರ್ತಿ ಇದರಲ್ಲೇ ಇದೆ.

ಆ ಕಾಲದ ಮೊದಮೊದಲ 737ಗಳಲ್ಲಿ ಮೈಯ ಎರಡು ತಗಡು ಒಂದರ ಮೇಲೊಂದು ಕೂರುವ ಜೋಡಣೆಯಲ್ಲಿ, ಅದನ್ನೇ ಲ್ಯಾಪ್ ಜಾಯಿಂಟ್ ಅನ್ನೋದು, ರಿವೆಟ್ ಜೊತೆ ಅಂಟೂ ಹಾಕುತ್ತಿದ್ದರು. ಎಳೆತದ ದೊಡ್ಡ ಪಾಲು ಅಂಟು ಹೊರಬೇಕಿತ್ತು. ತೇವ ಸೇರಿ ಅಂಟು ಬಿಟ್ಟಿತು, ತುಕ್ಕು ಹಿಡಿಯಿತು, ಹೊರೆ ಎಲ್ಲಾ ರಿವೆಟ್ ಮೇಲೆ ಬಂತು. ತಗಡಿನ ದಪ್ಪ ಬರೀ 0.9 ಮಿಮೀ. ರಿವೆಟ್ ತಲೆ ಮಟ್ಟಸವಾಗಿ ಕೂರಲಿ ಅಂತ ತೂತಿನ ಬಾಯಿಯನ್ನು ಓರೆಯಾಗಿ ಕೊರೆದಿದ್ದರಿಂದ ಕೆಳಗಿನ ಅಂಚು ಚಾಕುವಿನ ಬಾಯಿಯಷ್ಟು ಹರಿತವಾಗಿತ್ತು. ಅಲ್ಲಿಂದ ಬಿರುಕು ಶುರು. ಒಂದು ರಿವೆಟ್‌ನಲ್ಲಿ ಅಲ್ಲ, ಸಾಲಿನ ಎಷ್ಟೋ ರಿವೆಟ್‌ಗಳಲ್ಲಿ ಒಟ್ಟೊಟ್ಟಿಗೆ. ಒಂದೊಂದೇ ನೋಡಿದರೆ ಎಲ್ಲವೂ ಸಣ್ಣವು, ಎಲ್ಲಾ ಕೈ ಜೋಡಿಸಿದ ದಿನ ಛಾವಣಿ ಹೋಯಿತು.

1987ರಲ್ಲೇ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಒಂದು ಆದೇಶ ಹೊರಡಿಸಿ ಛಾವಣಿಯ ಒಂದು ನಿರ್ದಿಷ್ಟ ಸಾಲಿನ ಜಾಯಿಂಟ್ ನೋಡಿ ಅಂದಿತ್ತು, ಎಸ್-4 ಅಂತ. ಹರಿದದ್ದು ಅದಕ್ಕಿಂತ ಕೆಳಗಿನ ಎಸ್-10. ಜೊತೆಗೆ, ಈ ನೋಡುವ ಕೆಲಸ ನಡೆಯುತ್ತಿದ್ದದ್ದು ರಾತ್ರಿ ಪಾಳಿಯಲ್ಲಿ, ಯಾಕಂದ್ರೆ ಹಗಲೆಲ್ಲ ವಿಮಾನ ಹಾರುತ್ತಿತ್ತು. ಒಬ್ಬ ಮನುಷ್ಯ ಏಣಿ ಹತ್ತಿ, ದೀಪ ಹಿಡಿದು, ನೂರಾರು ರಿವೆಟ್ ತಲೆಗಳನ್ನು ಒಂದೊಂದಾಗಿ ನೋಡುತ್ತಾ ಹೋಗಬೇಕು, ಅದರಲ್ಲಿ ಒಂದೂ ಕೆಟ್ಟದ್ದು ಸಿಗದೆ ಇರಬಹುದು. ಹತ್ತನೇ ರಿವೆಟ್‌ನಲ್ಲಿ ಇದ್ದ ಗಮನ ಐನೂರನೆಯದರಲ್ಲಿ ಇರುತ್ತಾ? ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಈ ಮನುಷ್ಯ ಸಹಜ ಮಿತಿಯನ್ನೂ ವರದಿಯಲ್ಲಿ ಎತ್ತಿ ಹೇಳಿತು. ಇದಾದ ಮೇಲೆಯೇ ಹಳೆಯ ವಿಮಾನಗಳ ಪರೀಕ್ಷೆ ಅನ್ನೋದು ದೊಡ್ಡ ವಿಷಯ ಆಯಿತು, 1991ರಲ್ಲಿ ಅಮೆರಿಕದಲ್ಲಿ ಅದಕ್ಕೇ ಒಂದು ಕಾಯ್ದೆಯೂ ಬಂತು.

ಎಡ್ಡಿ ಕರೆಂಟ್ ಅಂದ್ರೆ ಏನ್ರಿ? ಸರಳವಾಗಿ ಹೇಳಿ.

ತಂತಿ ಸುತ್ತಿದ ಒಂದು ಸಣ್ಣ ಕಾಯಿಲ್. ಅದರಲ್ಲಿ ಎಸಿ ಕರೆಂಟ್ ಹರಿಸಿ ಲೋಹದ ಹತ್ತಿರ ತಂದರೆ, ಕಾಯಿಲ್‌ನ ಬದಲಾಗುವ ಕಾಂತಕ್ಷೇತ್ರ ಲೋಹದೊಳಗೆ ಸುತ್ತು ಸುತ್ತಾಗಿ ಕರೆಂಟ್ ಹುಟ್ಟಿಸುತ್ತೆ. ಅದೇ ಎಡ್ಡಿ ಕರೆಂಟ್. ಇದು ತನ್ನದೇ ಕಾಂತಕ್ಷೇತ್ರ ಮಾಡಿಕೊಂಡು ಕಾಯಿಲ್‌ನ ಕ್ಷೇತ್ರವನ್ನು ಎದುರಿಸುತ್ತೆ. ಲೋಹ ಸರಿಯಿದ್ದರೆ ಸುತ್ತು ಸರಾಗ. ಬಿರುಕು ಅಡ್ಡ ಬಂದರೆ ಕರೆಂಟ್ ಅದನ್ನು ದಾಟಲಾಗದೆ ಬಳಸಿ ಹೋಗಬೇಕು, ಎದುರಿಕೆ ಕಮ್ಮಿ ಆಗುತ್ತೆ, ಕಾಯಿಲ್‌ನ ಇಂಪಿಡೆನ್ಸ್, ಅಂದರೆ ಎಸಿ ಕರೆಂಟಿಗೆ ಅದು ಒಡ್ಡುವ ತಡೆ, ಬದಲಾಗುತ್ತೆ. ಆ ಬದಲಾವಣೆಯನ್ನು ಪರದೆ ಮೇಲೆ ನೋಡುತ್ತೇವೆ. ಅಷ್ಟೇ.

ಇದರ ಹಿಂದಿನ ತತ್ವವನ್ನು ಫ್ಯಾರಡೆ ತೋರಿಸಿದ್ದು 1831ರಲ್ಲಿ. 1879ರಲ್ಲಿ ಡೇವಿಡ್ ಹ್ಯೂಸ್ ಬೇರೆ ಬೇರೆ ಲೋಹ ಗುರುತಿಸೋಕೆ ಬಳಸಿ ನೋಡಿದರು. ಕಾರ್ಖಾನೆಗೆ ಒಗ್ಗುವ ಉಪಕರಣ ಮಾಡಿದವರು ಜರ್ಮನಿಯ ಫ್ರೀಡ್ರಿಶ್ ಫಾರ್‌ಸ್ಟರ್. ಇಂದಿಗೂ ನಮ್ಮ ಪರದೆಯ ಮೇಲಿನ ಚಿತ್ರ ಹೇಗೆ ಓದಬೇಕು ಅನ್ನೋದರ ಬುನಾದಿ ಅವರದೇ ಕೆಲಸ.

ಮನೆಯಲ್ಲೂ ಇದೇ ವಿಷಯ ಇದೆ. ಇಂಡಕ್ಷನ್ ಒಲೆ ಪಾತ್ರೆ ಕಾಯಿಸೋದು ಎಡ್ಡಿ ಕರೆಂಟ್‌ನಿಂದ. ಹಳೆಯ ಕರೆಂಟ್ ಮೀಟರಿನಲ್ಲಿ ತಿರುಗುತ್ತಿದ್ದ ಅಲ್ಯೂಮಿನಿಯಂ ಚಕ್ರ ತಿರುಗುತ್ತಿದ್ದದ್ದೂ ಇದರಿಂದಲೇ. ವಿಮಾನ ನಿಲ್ದಾಣದಲ್ಲಿ ನೀವು ದಾಟುವ ಲೋಹ ಶೋಧಕ ಬಾಗಿಲೂ ನಿಮ್ಮ ಜೇಬಿನ ಚಿಲ್ಲರೆಯಲ್ಲಿ ಎಡ್ಡಿ ಕರೆಂಟ್ ಹುಟ್ಟಿಸಿಯೇ ಕೂಗೋದು.

ಕಾಲೇಜಿನಲ್ಲಿ ಮಾಡಿ ತೋರಿಸಬಹುದಾದ ಪ್ರಯೋಗ ಇದೆಯಾ?

ಇದೆ, ಖರ್ಚೂ ಕಮ್ಮಿ. ದಪ್ಪ ಗೋಡೆಯ ಅಲ್ಯೂಮಿನಿಯಂ ಪೈಪ್ ಒಂದು ಮೀಟರ್, ಅದರೊಳಗೆ ಸಡಿಲವಾಗಿ ಹೋಗುವ ನಿಯೋಡಿಮಿಯಂ ಮ್ಯಾಗ್ನೆಟ್ ಒಂದು. ಪೈಪ್ ನೆಟ್ಟಗೆ ಹಿಡಿದು ಮ್ಯಾಗ್ನೆಟ್ ಬಿಡಿ. ಅದು ಬೀಳುವ ಬದಲು ತೇಲಿಕೊಂಡು ಇಳಿಯುತ್ತೆ, ಕೆಳಗೆ ಬರೋಕೆ ಪುರುಸೊತ್ತು ಮಾಡಿಕೊಳ್ಳುತ್ತೆ. ಅಷ್ಟೇ ಗಾತ್ರದ ಕಬ್ಬಿಣದ ತುಂಡು ಬಿಟ್ಟರೆ ತಟ್ಟನೆ ಬೀಳುತ್ತೆ.

ಇನ್ನೊಂದು ಅಂಥದ್ದೇ ಪೈಪ್ ತಗೊಂಡು ಉದ್ದಕ್ಕೆ ಒಂದು ಸೀಳು ಹಾಕಿಸಿ. ಉದ್ಯಮಬಾಗಿನಲ್ಲಿ ಯಾವ ವರ್ಕ್‌ಶಾಪ್‌ನವರಾದರೂ ಹಾಕಿ ಕೊಡುತ್ತಾರೆ. ಈಗ ಮ್ಯಾಗ್ನೆಟ್ ಬಿಟ್ಟರೆ ಮೊದಲಿಗಿಂತ ಬೇಗ ಇಳಿಯುತ್ತೆ, ಯಾಕಂದ್ರೆ ಪೈಪಿನ ಸುತ್ತ ಹರಿಯುತ್ತಿದ್ದ ಕರೆಂಟಿನ ದಾರಿ ಸೀಳಿನಲ್ಲಿ ತುಂಡಾಗಿದೆ. ನೀವು ಈಗ ಒಂದು ಬಿರುಕನ್ನು ಎಡ್ಡಿ ಕರೆಂಟ್‌ನಿಂದ ಪತ್ತೆ ಮಾಡಿದಿರಿ. ಹ್ಯಾಂಗರ್‌ನಲ್ಲಿ ಮಾಡೋದೂ ಇದನ್ನೇ, ಸ್ವಲ್ಪ ನಾಜೂಕಾಗಿ.

ನಮ್ಮ ಫೌಂಡ್ರಿಯಲ್ಲಿ ಎರಕವನ್ನು ಸುತ್ತಿಗೆಯಿಂದ ಬಡಿದು ಸದ್ದಿನ ಮೇಲೆ ಹೇಳ್ತೀವಿ. ವಿಮಾನಕ್ಕೆ ಅದು ಆಗಲ್ವಾ?

ನಗಬೇಡಿ, ವಿಮಾನದಲ್ಲೂ ಬಡಿಯುತ್ತಾರೆ. ಜೇನುಗೂಡಿನಂಥ ಒಳಭಾಗ ಇರುವ ಪ್ಯಾನೆಲ್‌ಗಳಲ್ಲಿ, ಕಾರ್ಬನ್ ಫೈಬರ್‌ನಂಥ ಕಾಂಪೋಸಿಟ್ ಭಾಗಗಳಲ್ಲಿ ಪದರ ಬಿಟ್ಟಿದೆಯಾ ಅಂತ ನೋಡೋಕೆ ಟ್ಯಾಪ್ ಟೆಸ್ಟ್ ಈಗಲೂ ಇದೆ, ಪದರ ಬಿಟ್ಟ ಕಡೆ ಸದ್ದು ಮಂದ. ಆದರೆ ರಿವೆಟ್ ತೂತಿನ ಪಕ್ಕದ ಒಂದು ಮಿಲಿಮೀಟರ್ ಬಿರುಕು ಇಡೀ ವಿಮಾನದ ಸದ್ದನ್ನು ಏನೂ ಬದಲಿಸಲ್ಲ. ನಿಮ್ಮ ಕಿವಿ ಎಷ್ಟೇ ಪಳಗಿರಲಿ, ಅಲ್ಲಿ ಕೆಲಸಕ್ಕೆ ಬರಲ್ಲ.

ಎಕ್ಸ್-ರೇ, ಅಲ್ಟ್ರಾಸೌಂಡ್, ಬಣ್ಣ ಹಾಕಿ ನೋಡೋದು, ಇಷ್ಟೆಲ್ಲ ಇರುವಾಗ ಇದೇ ಯಾಕೆ?

ಎಲ್ಲವೂ ಬೇಕು, ಒಂದೊಂದಕ್ಕೆ ಒಂದೊಂದು ಜಾಗ. ಪೆನೆಟ್ರಂಟ್, ಅಂದರೆ ಬಣ್ಣದ ದ್ರವ ಬಿರುಕಿನೊಳಗೆ ಇಳಿಸಿ ನೋಡುವುದು, ಮೇಲ್ಮೈಗೆ ಬಾಯಿ ತೆರೆದ ಬಿರುಕಿಗೆ ಮಾತ್ರ, ಅದೂ ಪೇಂಟ್ ಕೆರೆದು ಸ್ವಚ್ಛ ಮಾಡಿದ ಮೇಲೆ. ಇಡೀ ವಿಮಾನದ ಪೇಂಟ್ ಯಾರು ಕೆರೆಯುತ್ತಾರೆ? ಎಡ್ಡಿ ಕರೆಂಟ್‌ಗೆ ತೆಳ್ಳಗಿನ ಪೇಂಟ್ ಅಡ್ಡಿಯಲ್ಲ. ಅಲ್ಟ್ರಾಸೌಂಡ್ ಒಂದೇ ದಪ್ಪ ತುಂಡಿಗೆ ಬಹಳ ಚೆನ್ನ, ಆದರೆ ಎರಡು ತಗಡಿನ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಸದ್ದು ಅಲ್ಲೇ ವಾಪಸ್. ಕಾಂತಕ್ಷೇತ್ರ ಗಾಳಿಯನ್ನು ದಾಟಿ ಎರಡನೇ ತಗಡಿಗೂ ಹೋಗುತ್ತೆ. ಎಕ್ಸ್-ರೇ ಹಾಕಬೇಕಾದರೆ ಹ್ಯಾಂಗರ್ ಖಾಲಿ ಮಾಡಿಸಬೇಕು, ಮೇಲಾಗಿ ಬಿಗಿಯಾಗಿ ಮುಚ್ಚಿಕೊಂಡ ಬಿರುಕು ಕಿರಣದ ದಿಕ್ಕಿಗೆ ಸರಿಯಾಗಿ ಇಲ್ಲದಿದ್ದರೆ ಫಿಲ್ಮಿನಲ್ಲಿ ಕಾಣೋದೇ ಇಲ್ಲ. ಲ್ಯಾಂಡಿಂಗ್ ಗೇರಿನ ಉಕ್ಕಿಗೆ ಮ್ಯಾಗ್ನೆಟಿಕ್ ಪಾರ್ಟಿಕಲ್, ಅಂದರೆ ಭಾಗವನ್ನು ಮ್ಯಾಗ್ನೆಟ್ ಮಾಡಿ ಕಬ್ಬಿಣದ ಪುಡಿ ಹಾಕಿ ನೋಡೋದು, ಒಳ್ಳೆಯದು, ಅಲ್ಯೂಮಿನಿಯಂಗೆ ಅದು ನಡೆಯಲ್ಲ.

ಯಾವ ಪರೀಕ್ಷೆ ಆರಿಸಿಕೊಂಡಿರಿ ಅನ್ನೋದರ ಮೇಲೆ ಜೀವ ನಿಂತಿರುತ್ತೆ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸೌತ್‌ವೆಸ್ಟ್ 1380 ವಿಮಾನದ ಎಂಜಿನ್ನಿನ ಫ್ಯಾನ್ ಬ್ಲೇಡ್ ಬುಡದಲ್ಲಿ ಮುರಿದು ಒಬ್ಬ ಪ್ರಯಾಣಿಕರು ತೀರಿಕೊಂಡರು. ಆ ಬ್ಲೇಡನ್ನು ಕೊನೆಯ ಓವರ್‌ಹಾಲ್‌ನಲ್ಲಿ ಪೆನೆಟ್ರಂಟ್‌ನಿಂದ ನೋಡಿದ್ದರು, ಬಿರುಕು ಆಗಲೇ ಇದ್ದಿರಬೇಕು, ಕಣ್ಣಿಗೆ ಬಿದ್ದಿಲ್ಲ ಎಂದು ತನಿಖೆ ಹೇಳಿತು.

ಎಷ್ಟು ಆಳದ ಬಿರುಕು ಸಿಗುತ್ತೆ?

ಇದು ಫ್ರೀಕ್ವೆನ್ಸಿ ಮೇಲೆ. ಫ್ರೀಕ್ವೆನ್ಸಿ ಏರಿದಷ್ಟೂ ಕರೆಂಟ್ ಮೇಲ್ಮೈಗೆ ಅಂಟಿಕೊಳ್ಳುತ್ತೆ, ಇಳಿಸಿದಷ್ಟೂ ಒಳಗೆ ಹೋಗುತ್ತೆ. ಕರೆಂಟ್ ಮೇಲ್ಮೈಯಲ್ಲಿ ಇದ್ದದ್ದರ 37 ಶೇಕಡಕ್ಕೆ ಇಳಿಯುವ ಆಳವನ್ನು ಸ್ಕಿನ್ ಡೆಪ್ತ್ ಅನ್ನುತ್ತಾರೆ. ವಿಮಾನದ ಮೈಗೆ ಬಳಸುವ 2024-ಟಿ3 ಅನ್ನುವ ಬಗೆಯ ಅಲ್ಯೂಮಿನಿಯಂನಲ್ಲಿ 100 ಕಿಲೋಹರ್ಟ್ಸ್‌ಗೆ ಇದು ಸುಮಾರು 0.4 ಮಿಮೀ, 1 ಕಿಲೋಹರ್ಟ್ಸ್‌ಗೆ ಸುಮಾರು 4 ಮಿಮೀ, 100 ಹರ್ಟ್ಸ್‌ಗೆ ಸುಮಾರು 12 ಮಿಮೀ. ಲೆಕ್ಕ ವರ್ಗಮೂಲದ್ದು, ಹಾಗಾಗಿ ಆಳ ಹತ್ತು ಪಟ್ಟು ಬೇಕಾದರೆ ಫ್ರೀಕ್ವೆನ್ಸಿಯನ್ನು ನೂರು ಪಟ್ಟು ಇಳಿಸಬೇಕು.

ಸುಮ್ನೆ ಯಾವಾಗಲೂ ಕಮ್ಮಿ ಫ್ರೀಕ್ವೆನ್ಸಿ ಇಟ್ಟರೆ ಆಗಲ್ವಾ ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬ ಕೇಳುತ್ತಾನೆ. ಆಗಲ್ಲ. ಆಳಕ್ಕೆ ಹೋದಂತೆ ಪ್ರೋಬ್, ಅಂದರೆ ಕಾಯಿಲ್ ಕೂರಿಸಿದ ಕಡ್ಡಿ, ದೊಡ್ಡದಾಗುತ್ತೆ, ಸಣ್ಣ ಬಿರುಕಿನ ಸುಳಿವು ಮಾಸುತ್ತೆ. ಮೇಲಿನ ತಗಡಿನಲ್ಲಿ ಅರ್ಧ ಮಿಲಿಮೀಟರ್ ಸಿಗಬಹುದು, ಎರಡನೇ ತಗಡಿನಲ್ಲಿ ಅದಕ್ಕಿಂತ ಎಷ್ಟೋ ಉದ್ದದ ಬಿರುಕು ಇದ್ದರಷ್ಟೇ ಗೊತ್ತಾಗೋದು. ಟೈಟಾನಿಯಂ ಕತೆ ಬೇರೆ, ಅದು ಕರೆಂಟನ್ನು ತಾಮ್ರದ ನೂರರಲ್ಲಿ ಒಂದು ಪಾಲಷ್ಟೇ ಹರಿಸುತ್ತೆ, ಅದಕ್ಕೆ ಮೆಗಾಹರ್ಟ್ಸ್ ಲೆಕ್ಕದಲ್ಲಿ ಹೋಗಬೇಕು.

ಪರೀಕ್ಷೆ ಮಾಡುವಾಗ ಕೈಯಲ್ಲಿ ಏನಿರುತ್ತೆ, ಕಣ್ಣಿಗೆ ಏನು ಕಾಣುತ್ತೆ?

ಪೆನ್ಸಿಲ್ ಗಾತ್ರದ ಪ್ರೋಬ್, ಒಂದು ಕೇಬಲ್, ಕೊರಳಿಗೆ ಹಾಕಿಕೊಳ್ಳಬಹುದಾದ ಬ್ಯಾಟರಿ ಉಪಕರಣ. ಪ್ರೋಬ್ ತುದಿ ಸವೆಯದಿರಲಿ ಅಂತ ತೆಳ್ಳಗಿನ ಟೆಫ್ಲಾನ್ ಟೇಪ್ ಅಂಟಿಸಿರುತ್ತೇವೆ.

ಮೊದಲು ರೆಫರೆನ್ಸ್ ಬ್ಲಾಕ್. ಪರೀಕ್ಷೆ ಮಾಡುವ ಅಲಾಯ್‌ನಂಥದ್ದೇ (ಮಿಶ್ರಲೋಹದ್ದೇ) ತುಂಡು, ಅದರಲ್ಲಿ ಇಡಿಎಂನಿಂದ, ಅಂದರೆ ವಿದ್ಯುತ್ ಕಿಡಿಯಿಂದ, ಕೊರೆದ ಮೂರು ಗೀರು: 0.2, 0.5, 1 ಮಿಮೀ ಆಳ. ಪ್ರೋಬ್ ಇಟ್ಟು ಬ್ಯಾಲೆನ್ಸ್ ಒತ್ತಿದರೆ ಪರದೆಯಲ್ಲಿ ಒಂದು ಚುಕ್ಕೆ ಬಂದು ನಿಲ್ಲುತ್ತೆ. ಪ್ರೋಬನ್ನು ಸ್ವಲ್ಪ ಎತ್ತಿದರೆ ಚುಕ್ಕೆ ಓಡಿಹೋಗುತ್ತೆ, ಇದು ಲಿಫ್ಟ್-ಆಫ್. ಫೇಸ್, ಅಂದರೆ ಪರದೆಯ ಚಿತ್ರದ ಕೋನ, ತಿರುಗಿಸಿ ಈ ಓಟ ಅಡ್ಡಡ್ಡ ಎಡಕ್ಕೆ ಹೋಗುವಂತೆ ಮಾಡಿಕೊಳ್ಳುತ್ತೇವೆ. ಇನ್ನು ಪ್ರೋಬ್ ಗೀರಿನ ಮೇಲೆ ಹೋದಾಗ ಚುಕ್ಕೆ ಮೇಲಕ್ಕೆ ಜಿಗಿಯುತ್ತೆ. ಅಡ್ಡ ಹೋದರೆ ನಿಮ್ಮ ಕೈ ಅಲುಗಿದೆ, ಮೇಲೆ ಹೋದರೆ ಲೋಹದಲ್ಲಿ ಏನೋ ಇದೆ. 0.5ರ ಗೀರಿಗೆ ಚುಕ್ಕೆ ಎಷ್ಟು ಎತ್ತರ ಹೋಗಬೇಕು ಅಂತ ಪ್ರೊಸೀಜರ್‌ನಲ್ಲಿ ಬರೆದಿರುತ್ತೆ, ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಅಷ್ಟಕ್ಕೇ ಇಡಬೇಕು, ನಿಮ್ಮ ಮನಸ್ಸಿಗೆ ಬಂದಷ್ಟಕ್ಕಲ್ಲ.

ಆಮೇಲೆ ವಿಮಾನ. ರಿವೆಟ್ ತಲೆಯ ಸುತ್ತ ಪ್ರೋಬ್ ಒಂದೇ ದೂರದಲ್ಲಿ ಸುತ್ತಲಿ ಅಂತ ಪ್ಲಾಸ್ಟಿಕ್ ವೃತ್ತದ ಟೆಂಪ್ಲೇಟ್ ಇಟ್ಟು ಸುತ್ತಿಸುತ್ತೇವೆ. ಒಂದು, ಮುಂದಿನದು, ಮುಂದಿನದು. ಚುಕ್ಕೆ ಜಿಗಿದರೆ ನಿಲ್ಲಿ, ಮತ್ತೆ ಸುತ್ತಿಸಿ, ಬ್ಲಾಕ್ ಮೇಲೆ ಇಟ್ಟು ನೋಡಿ, ಮತ್ತೆ ರಿವೆಟ್‌ಗೆ ಬನ್ನಿ. ಸುಳಿವು ಅದೇ ಜಾಗದಲ್ಲಿ ಪ್ರತಿ ಸಲ ಬಂದರೆ ಗುರುತು ಹಾಕಿ. ಆದರೆ ಸಾಮಾನ್ಯ ಪೆನ್ಸಿಲ್ ಮುಟ್ಟಲೇಬೇಡಿ! ಪೆನ್ಸಿಲ್‌ನ ಗ್ರಾಫೈಟ್ ಅಲ್ಯೂಮಿನಿಯಂ ಜೊತೆ ಸೇರಿ ತುಕ್ಕು ಹಿಡಿಸುತ್ತೆ, ಗುರುತು ಹಾಕಿದ ಕಡೆಯೇ ಮುಂದೆ ಹೊಸ ಬಿರುಕು ಹುಟ್ಟಬಹುದು. ಅನುಮತಿ ಇರುವ ಮಾರ್ಕರ್ ಮಾತ್ರ.

ಬೋಲ್ಟ್ ತೆಗೆದ ತೂತಿಗೆ ತಿರುಗುವ ಪ್ರೋಬ್ ಇದೆ, ನಿಮಿಷಕ್ಕೆ ಸಾವಿರಕ್ಕೂ ಜಾಸ್ತಿ ಸುತ್ತು ತಿರುಗುತ್ತಾ ಒಳಗೋಡೆ ಪೂರ್ತಿ ನೋಡಿಬಿಡುತ್ತೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಖುಷಿ ಕೊಡುವ ಉಪಕರಣ ಅದು.

ಚುಕ್ಕೆ ಜಿಗಿದರೆ ಬಿರುಕೇ ಅಂತ ಗ್ಯಾರಂಟಿನಾ?

ಇಲ್ಲ. ತಗಡಿನ ಅಂಚಿಗೆ ಹತ್ತಿರ ಹೋದರೂ ಜಿಗಿಯುತ್ತೆ. ಪಕ್ಕದಲ್ಲಿ ಉಕ್ಕಿನ ಬೋಲ್ಟ್ ಇದ್ದರೂ, ಡ್ರಿಲ್ ಮಾಡಿದ ಉಕ್ಕಿನ ಪುಡಿ ಅಂಟಿದ್ದರೂ, ತೂತಿನಲ್ಲಿ ಬರ್ (ಕೊರೆದಾಗ ಏಳುವ ಚೂಪು ಅಂಚು) ಉಳಿದಿದ್ದರೂ, ಆಳವಾದ ಗೀರು ಬಿದ್ದಿದ್ದರೂ ಅದೇ. ಉಪಕರಣಕ್ಕೆ ಬಿರುಕು ಅಂದರೆ ಏನು ಅಂತ ಗೊತ್ತಿಲ್ಲ, ಅದು ಬರೀ ವ್ಯತ್ಯಾಸ ತೋರಿಸುತ್ತೆ. ಇದು ಬಿರುಕು ಅಂತ ಹೇಳುವವನು ಮನುಷ್ಯ. ಅದಕ್ಕೇ ನಾನು ಹೊಸಬರಿಗೆ ಉಪಕರಣದ ಬಟನ್‌ಗಿಂತ ಮೊದಲು ಜಾಯಿಂಟಿನ ಡ್ರಾಯಿಂಗ್ ಓದೋದು ಕಲಿಸಿ ಅನ್ನೋದು. ಒಳಗೆ ಎಷ್ಟು ಪದರ ಇದೆ, ಯಾವ ರಿವೆಟ್ ಯಾವ ಲೋಹದ್ದು ಅಂತ ಗೊತ್ತಿಲ್ಲದವನಿಗೆ ಪರದೆ ಮೇಲೆ ಕಾಣೋದು ಬರೀ ಗೆರೆ.

ಇದಕ್ಕೆ ಸಿಗದೇ ಇರುವ ಬಿರುಕು ಇದೆಯಾ?

ಇದೆ. ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ ದೋಷ ಕರೆಂಟಿನ ದಾರಿಯನ್ನು ಕಡಿಯೋದೇ ಇಲ್ಲ, ಹಾಗಾಗಿ ಸುಲಭಕ್ಕೆ ಕಾಣಲ್ಲ. ಬಹಳ ಆಳದ್ದೂ ಅಷ್ಟೇ. ಕರೆಂಟ್ ಹರಿಸದ ವಸ್ತುವಿನಲ್ಲಿ ಈ ಪರೀಕ್ಷೆಗೆ ಕೆಲಸವೇ ಇಲ್ಲ.

ಇನ್ನೊಂದು ವಿಷಯ. ಈ ವಿಧಾನ ಇಷ್ಟು ಉದ್ದದ ಬಿರುಕನ್ನು ಹಿಡಿಯುತ್ತೆ ಅಂತ ಬಾಯಿ ಮಾತಲ್ಲಿ ಹೇಳೋ ಹಾಗಿಲ್ಲ. ಬಿರುಕು ಇರುವ, ಇಲ್ಲದ ತುಂಡುಗಳನ್ನು ಬೆರೆಸಿ ಇಟ್ಟು, ಬೇರೆ ಬೇರೆ ಜನರ ಕೈಯಲ್ಲಿ ಪರೀಕ್ಷೆ ಮಾಡಿಸಿ, ಯಾವ ಗಾತ್ರದ ಬಿರುಕು 90 ಶೇಕಡ ಸಲ ಸಿಗುತ್ತೆ ಅನ್ನೋದನ್ನು 95 ಶೇಕಡ ಭರವಸೆಯಲ್ಲಿ ಲೆಕ್ಕ ಹಾಕುತ್ತಾರೆ. ಮುಂದಿನ ತಪಾಸಣೆ ಯಾವಾಗ ಅನ್ನೋದು ನಿಲ್ಲೋದು ಆ ಗಾತ್ರದ ಮೇಲೆ: ಅಲ್ಲಿಂದ ಅಪಾಯದ ಉದ್ದಕ್ಕೆ ಬೆಳೆಯೋಕೆ ಎಷ್ಟು ಸೈಕಲ್ ಬೇಕು ನೋಡಿ, ಆ ಅವಧಿಯೊಳಗೆ ಒಂದಕ್ಕಿಂತ ಹೆಚ್ಚು ಸಲ ನೋಡುವ ಹಾಗೆ ಇಡುತ್ತಾರೆ. ಒಂದು ಸಲ ತಪ್ಪಿದರೂ ಮುಂದಿನ ಸಲ ಸಿಗಲಿ ಅಂತ.

ಹೊಸ ವಿಮಾನಕ್ಕೂ ಇದು ಬೇಕಾ?

ಬೇಕು. ಏರ್‌ಬಸ್ ಎ380 ನೋಡಿ. ದೊಡ್ಡ ವಿಮಾನ, 2007ರಲ್ಲಿ ಸೇವೆಗೆ ಬಂತು, 2012ರಲ್ಲಿ ರೆಕ್ಕೆಯೊಳಗಿನ ರಿಬ್ ಫೀಟ್ ಅನ್ನುವ ಅಲ್ಯೂಮಿನಿಯಂ ಭಾಗದಲ್ಲಿ ಬಿರುಕು ಸಿಕ್ಕಿತು. ಮೊದಲು ಕಣ್ಣಿನಿಂದ ನೋಡಿ ಅಂದರು, ಆಮೇಲೆ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ ಹೈ ಫ್ರೀಕ್ವೆನ್ಸಿ ಎಡ್ಡಿ ಕರೆಂಟ್‌ನಿಂದ ನೋಡಿ ಅಂತ ಆದೇಶ ಕೊಟ್ಟಿತು.

2011ರ ಏಪ್ರಿಲ್ 1ರಂದು ಸೌತ್‌ವೆಸ್ಟ್ 812ರ ಛಾವಣಿಯಲ್ಲಿ ಒಂದೂವರೆ ಮೀಟರ್ ಉದ್ದದ ತೂತು ಬಿತ್ತು, ಅದೂ ಬೋಯಿಂಗ್ 737, ಆದರೆ 300 ಮಾದರಿ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಷ್ಟು ಬೇಗ ಅಲ್ಲಿ ಬಿರುಕು ಬರುತ್ತೆ ಅಂತ ಯಾರೂ ಎಣಿಸಿರಲಿಲ್ಲ. ಕಾರ್ಖಾನೆಯಲ್ಲಿ ಆ ಪ್ಯಾನೆಲ್ ಕೂರಿಸುವಾಗಲೇ ತಪ್ಪಾಗಿತ್ತು ಅಂತ ತನಿಖೆಯಲ್ಲಿ ತಿಳಿಯಿತು. ಆ ಮಾದರಿಯ ಹಳೆಯ 737ಗಳ ಜಾಯಿಂಟ್‌ಗಳನ್ನು ಎಡ್ಡಿ ಕರೆಂಟ್‌ನಿಂದ ನೋಡಲೇಬೇಕು ಅಂತ ಎಫ್‌ಎಎ ಕೆಲವೇ ದಿನದಲ್ಲಿ ತುರ್ತು ಆದೇಶ ಹೊರಡಿಸಿತು.

ಈಗಿನ ವಿಮಾನ ಕಾರ್ಬನ್ ಫೈಬರ್‌ದಂತೆ, ಹಾಗಾದ್ರೆ ಈ ಕೆಲಸ ಮುಗೀತಾ?

ಬೋಯಿಂಗ್ 787ರ ತೂಕದಲ್ಲಿ ಅರ್ಧದಷ್ಟು ಕಾಂಪೋಸಿಟ್, ನಿಜ. ಅಲ್ಲಿ ಅಲ್ಟ್ರಾಸೌಂಡ್‌ಗೆ ಜಾಸ್ತಿ ಕೆಲಸ. ಆದರೆ ಉಳಿದದ್ದರಲ್ಲಿ ಹೆಚ್ಚಿನದು ಲೋಹವೇ. ಚಕ್ರ, ಲ್ಯಾಂಡಿಂಗ್ ಗೇರ್, ಎಂಜಿನ್, ಫಿಟ್ಟಿಂಗ್, ಇವೆಲ್ಲ ಹೆಚ್ಚಾಗಿ ಲೋಹ. ಟೈರ್ ಬಿಚ್ಚಿದಾಗ ಚಕ್ರದಲ್ಲಿ ಟೈರ್ ಕೂರುವ ಅಂಚನ್ನು ಎಡ್ಡಿ ಕರೆಂಟ್‌ನಿಂದ ನೋಡೋದು ವೀಲ್ ಶಾಪ್‌ಗಳಲ್ಲಿ ದಿನದ ಕೆಲಸ. ಚಿಂತೆ ಬೇಡ.

ಬಿರುಕು ಸಿಕ್ಕಿದರೆ ವಿಮಾನ ಗುಜರಿಗೆ ಹೋಗುತ್ತಾ?

ಅಷ್ಟು ಸುಲಭಕ್ಕೆ ಇಲ್ಲ. ತೂತಿನ ಅಂಚಿನ ಸಣ್ಣ ಬಿರುಕಾದರೆ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಬಿರುಕು ಪೂರ್ತಿ ಹೋಯಿತಾ ಅಂತ ಮತ್ತೆ ಎಡ್ಡಿ ಕರೆಂಟ್‌ನಿಂದ ನೋಡಿ, ದೊಡ್ಡ ಫಾಸ್ಟನರ್ ಹಾಕುತ್ತಾರೆ. ದೊಡ್ಡದಾದರೆ ಕೆಟ್ಟ ಭಾಗ ಕತ್ತರಿಸಿ ಮೇಲೆ ಡಬ್ಲರ್ ಅನ್ನುವ ತೇಪೆ. ಎಲ್ಲವೂ ತಯಾರಕರ ರಿಪೇರಿ ಕೈಪಿಡಿ ಪ್ರಕಾರ.

ಕೈಪಿಡಿ ಬಿಟ್ಟರೆ ಏನಾಗುತ್ತೆ? 1980ರಲ್ಲಿ ಒಂದು 747 ಇಳಿಯುವಾಗ ಬಾಲ ನೆಲಕ್ಕೆ ಉಜ್ಜಿತು. ಗೀರು ಬಿದ್ದ ತಗಡನ್ನು ತೆಗೆಯದೆ ಮೇಲೆ ಡಬ್ಲರ್ ಮುಚ್ಚಿದರು. ಬಿರುಕು ಆ ತೇಪೆಯ ಅಡಿಯಲ್ಲೇ ಬೆಳೆಯಿತು, ಹೊರಗಿನಿಂದ ನೋಡುವವರಿಗೆ ಹೊಳೆಯುವ ತೇಪೆ ಮಾತ್ರ ಕಾಣುತ್ತಿತ್ತು. 22 ವರ್ಷ ಆದ ಮೇಲೆ, 2002ರ ಮೇ 25ರಂದು, ಅದೇ ವಿಮಾನ ಚೈನಾ ಏರ್‌ಲೈನ್ಸ್ 611 ಆಗಿ ಹಾರುತ್ತಿದ್ದಾಗ ಆಕಾಶದಲ್ಲೇ ಒಡೆದು 225 ಜನ ಸತ್ತರು.

ಸಾಂಬ್ರಾದಲ್ಲಿ ವಿಮಾನ ನಿಂತಾಗ ಈ ಪರೀಕ್ಷೆ ಮಾಡ್ತಾರಾ?

ಇಲ್ಲ. ಇಳಿದು ಮತ್ತೆ ಏರುವ ನಡುವಿನ ಅರ್ಧ ಗಂಟೆಯಲ್ಲಿ ಸುತ್ತು ಹಾಕಿ ಕಣ್ಣಿನಿಂದ ನೋಡುತ್ತಾರೆ ಅಷ್ಟೇ. ಎಡ್ಡಿ ಕರೆಂಟ್ ಬರೋದು ದೊಡ್ಡ ತಪಾಸಣೆಯಲ್ಲಿ, ಒಳಗಿನ ಸೀಟು, ಪ್ಯಾನೆಲ್ ಬಿಚ್ಚಿದಾಗ. ಅದಕ್ಕೆ ವಿಮಾನ ಹೈದರಾಬಾದ್, ನಾಗಪುರ, ಹೊಸೂರಿನಂಥ ಕಡೆಯ ಎಂಆರ್‌ಒ, ಅಂದರೆ ವಿಮಾನ ರಿಪೇರಿ ಮಾಡುವ, ಹ್ಯಾಂಗರ್‌ಗಳಿಗೆ ಹೋಗುತ್ತೆ.

ಹಾಗಾದ್ರೆ ಬೆಳಗಾವಿಯಲ್ಲಿ ಎಡ್ಡಿ ಕರೆಂಟ್‌ಗೆ ಕೆಲಸವೇ ಇಲ್ವಾ?

ಇದೆ, ಬೇರೆ ರೂಪದಲ್ಲಿ. ಏರೋಸ್ಪೇಸ್ ಅಲ್ಯೂಮಿನಿಯಂ ಭಾಗಕ್ಕೆ ಹೀಟ್ ಟ್ರೀಟ್‌ಮೆಂಟ್ ಸರಿಯಾಗಿ ಆಗಿದೆಯಾ ಅಂತ ನೋಡೋಕೆ ಗಡಸುತನದ ಜೊತೆ ಕಂಡಕ್ಟಿವಿಟಿ, ಅಂದರೆ ಕರೆಂಟ್ ಹರಿಸುವ ಗುಣ, ಅಳೆಯುತ್ತಾರೆ, ಆ ಮೀಟರ್ ಕೆಲಸ ಮಾಡೋದು ಎಡ್ಡಿ ಕರೆಂಟ್‌ನಿಂದ. ತಾಮ್ರವನ್ನು 100 ಅಂತ ಇಟ್ಟರೆ 7075 ಅನ್ನುವ ಅಲ್ಯೂಮಿನಿಯಂ ಅಲಾಯ್ ಟಿ6 ಅನ್ನುವ ಹೀಟ್ ಟ್ರೀಟ್‌ಮೆಂಟ್ ಸ್ಥಿತಿಯಲ್ಲಿ ಸುಮಾರು 33, ಟಿ73 ಸ್ಥಿತಿಯಲ್ಲಿ ಸುಮಾರು 40. ಎರಡೂ ಕಣ್ಣಿಗೆ ಒಂದೇ ಥರ, ಮುಟ್ಟಿದರೂ ಒಂದೇ ಥರ, ಮೀಟರ್ ಇಟ್ಟರೆ ಕ್ಷಣದಲ್ಲಿ ಬೇರೆ ಆಗುತ್ತೆ. ಬೆಂಕಿ ತಗುಲಿದ ವಿಮಾನದಲ್ಲಿ ಶಾಖ ಎಲ್ಲಿಯವರೆಗೆ ಲೋಹ ಕೆಡಿಸಿದೆ ಅಂತ ನೋಡೋದೂ ಇದರಿಂದಲೇ.

ಆಟೋಮೊಬೈಲ್ ಭಾಗ ಮಾಡುವವರಿಗೂ ಇದು ಉಪಯೋಗ. ಬೇರಿಂಗ್, ಶಾಫ್ಟ್‌ನಂಥ ಒಂದೇ ಥರದ ಸಾವಿರಾರು ತುಂಡುಗಳನ್ನು ಲೈನ್‌ನಲ್ಲೇ ಸರಸರ ವಿಂಗಡಿಸಬಹುದು.

ಸರ್, ನಮ್ಮ ಮಗ ಡಿಪ್ಲೊಮಾ ಮೆಕ್ಯಾನಿಕಲ್ ಮಾಡ್ಯಾನ. ಒಂದು ವಾರದಾಗ ಎನ್‌ಡಿಟಿ ಲೆವೆಲ್ 2 ಸರ್ಟಿಫಿಕೇಟ್ ಕೊಡ್ತಾರಂತ, ಸೇರಿಸ್ಲೇನ್ರಿ?

ಕಾಕಾ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ವಿಮಾನದ ಎನ್‌ಡಿಟಿಗೆ ಲೋಕದಲ್ಲಿ ನಡೆಯೋದು ಎನ್‌ಎಎಸ್ 410 ಮತ್ತು ಇಎನ್ 4179 ಅನ್ನುವ ಮಾನದಂಡ. ಅದರ ಪ್ರಕಾರ ಸರ್ಟಿಫಿಕೇಟ್ ಕೊಡುವ ಹೊಣೆ ಕೆಲಸ ಕೊಟ್ಟ ಕಂಪನಿಯದು. ತರಗತಿ, ಕೈಕೆಲಸದ ಅನುಭವದ ಗಂಟೆಗಳು, ಆಮೇಲೆ ಜನರಲ್, ಸ್ಪೆಸಿಫಿಕ್, ಪ್ರಾಕ್ಟಿಕಲ್ ಅಂತ ಮೂರು ಪರೀಕ್ಷೆ. ಪ್ರತಿಯೊಂದರಲ್ಲೂ 70ಕ್ಕೆ ಕಮ್ಮಿ ಇರಬಾರದು, ಸರಾಸರಿ 80 ಬರಬೇಕು. ಹತ್ತಿರದ ದೃಷ್ಟಿ ಪರೀಕ್ಷೆ ವರ್ಷ ವರ್ಷ. ಕಂಪನಿ ಬಿಟ್ಟರೆ ಆ ಸರ್ಟಿಫಿಕೇಟ್ ಜೊತೆಗೆ ಬರಲ್ಲ, ಹೊಸ ಕಂಪನಿ ಮತ್ತೆ ಕೊಡಬೇಕು.

ಹಾಗಾಗಿ ಒಂದು ವಾರದ ಕೋರ್ಸ್ ಸುಳ್ಳು ಅಂತ ನಾನು ಹೇಳಲ್ಲ, ಅದು ತರಗತಿಯ ಪಾಲಿಗೆ ಲೆಕ್ಕಕ್ಕೆ ಬರಬಹುದು, ಆದರೆ ಅದೊಂದರಿಂದ ಯಾರೂ ನಿಮ್ಮ ಮಗನನ್ನು ವಿಮಾನ ಮುಟ್ಟಲು ಬಿಡಲ್ಲ. ಭಾರತದಲ್ಲಿ ಐಎಸ್ 13805 ಅನ್ನುವ ಮಾನದಂಡದ ಪ್ರಕಾರ ಎನ್‌ಡಿಟಿಯವರ ಸಂಘ ಐಎಸ್‌ಎನ್‌ಟಿ ನಡೆಸುವ ಪರೀಕ್ಷೆಗಳಿಗೆ ಕಾರ್ಖಾನೆಗಳಲ್ಲಿ ಬೆಲೆ ಇದೆ, ಬುನಾದಿಗೆ ಅದು ಒಳ್ಳೆಯದು. ನನ್ನ ಸಲಹೆ: ಮೊದಲು ಪೆನೆಟ್ರಂಟ್, ಮ್ಯಾಗ್ನೆಟಿಕ್ ಪಾರ್ಟಿಕಲ್ ಕಲಿತು ಎಲ್ಲಾದರೂ ಟ್ರೈನಿಯಾಗಿ ಸೇರಲಿ, ಎಡ್ಡಿ ಕರೆಂಟ್ ಆಮೇಲೆ. ಅವಸರ ಪಟ್ಟು ಲಕ್ಷ ಸುರಿದವರನ್ನು ಕಂಡಿದ್ದೇನೆ.

ಈ ಕೆಲಸಕ್ಕೆ ಎಂಥವರು ಹೊಂದುತ್ತಾರೆ?

ಬೇಸರ ತಡೆದುಕೊಳ್ಳುವವರು. ಗೊತ್ತಿಲ್ಲ ಅಂತ ಹೇಳೋಕೆ ನಾಚದವರು. ಮ್ಯಾನೇಜರ್ ಬಂದು ವಿಮಾನ ಸಂಜೆಗೆ ಬಿಡಬೇಕು ಅಂದಾಗ, ಈ ರಿವೆಟ್ ಸರಿಯಿಲ್ಲ ಸರ್ ಅಂತ ಬರೆದು ಸಹಿ ಹಾಕುವವರು. ಹುಡುಗಿಯರು ಬರಬಹುದಾ ಅಂತ ಆಗಾಗ ಕೇಳ್ತಾರೆ, ಅದರಲ್ಲಿ ಕೇಳೋದೇನಿದೆ, ಬನ್ನಿ.

ಪ್ರೋಬ್ ಮುಟ್ಟಿದರೆ ಶಾಕ್ ಹೊಡೆಯುತ್ತಾ? ರೇಡಿಯೇಷನ್ ಇದೆಯಾ?

ಎರಡೂ ಇಲ್ಲ. ಪೇಸ್‌ಮೇಕರ್ ಇರುವವರು ಮಾತ್ರ ವೈದ್ಯರನ್ನು ಕೇಳಿ ಈ ಕೆಲಸಕ್ಕೆ ಬರೋದು ಒಳ್ಳೆಯದು.

ಎಐ ಬಂದ ಮೇಲೆ ಮನುಷ್ಯ ಬೇಕಾಗಲ್ವಾ?

ಒಂದೇ ಪ್ರೋಬಿನಲ್ಲಿ ಹತ್ತಾರು ಕಾಯಿಲ್ ಕೂರಿಸಿದ ಅರೇ ಪ್ರೋಬ್ ಈಗಾಗಲೇ ಇದೆ, ಒಂದು ಸಲ ಎಳೆದರೆ ಇಡೀ ರಿವೆಟ್ ಸಾಲಿನ ಬಣ್ಣದ ಚಿತ್ರ ಬರುತ್ತೆ. ಐನೂರನೇ ರಿವೆಟ್‌ನಲ್ಲಿ ಗಮನ ತಪ್ಪುವ ಕಷ್ಟಕ್ಕೆ ಇದು ನಿಜವಾದ ಮದ್ದು, ನಾನಂತೂ ಖುಷಿಯಿಂದ ಬಳಸುತ್ತೇನೆ. ಚಿತ್ರ ನೋಡಿ ಅನುಮಾನದ ಜಾಗ ಗುರುತಿಸೋಕೆ ಸಾಫ್ಟ್‌ವೇರ್ ಸಹಾಯ ಮಾಡಲಿ, ಬೇಡ ಅನ್ನಲ್ಲ. ಸಹಿ ಹಾಕುವವನು ಮಾತ್ರ ಸದ್ಯಕ್ಕೆ ಮನುಷ್ಯನೇ.

ವಿಮಾನ ಹತ್ತುವಾಗ ನನಗೇ ಬಿರುಕು ಕಂಡರೆ ಏನು ಮಾಡಲಿ?

ಹೇಳಿಬಿಡಿ. ಅಲೋಹಾ ವಿಮಾನ ಹತ್ತುವಾಗ ಒಬ್ಬ ಪ್ರಯಾಣಿಕರು ಬಾಗಿಲ ಹತ್ತಿರ ಮೈಯಲ್ಲಿ ಬಿರುಕು ನೋಡಿದ್ದರು, ಯಾರಿಗೂ ಹೇಳಲಿಲ್ಲ. ಕಿಟಕಿಯ ಒಳಗಿನ ಪ್ಲಾಸ್ಟಿಕ್ ಮೇಲಿನ ಗೀರು, ಅದರ ಸಣ್ಣ ತೂತು, ರೆಕ್ಕೆ ಮೇಲಿನ ತೇಪೆ, ಎದ್ದ ಪೇಂಟ್, ಇವೆಲ್ಲ ಸಾಮಾನ್ಯ, ಗಾಬರಿ ಬೇಡ. ಆದರೂ ಅನುಮಾನ ಬಂದರೆ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಜಾಗ ತೋರಿಸಿ, ಫೋಟೋ ಇದ್ದರೆ ಅದನ್ನೂ ತೋರಿಸಿ. ಅವರು ಪೈಲಟ್‌ಗೆ ಹೇಳುತ್ತಾರೆ, ಎಂಜಿನಿಯರ್ ಬಂದು ನೋಡುತ್ತಾರೆ. ಹತ್ತು ನಿಮಿಷ ತಡ ಆಗಬಹುದು, ಪಕ್ಕದವರು ಗೊಣಗಬಹುದು, ಗೊಣಗಲಿ ಬಿಡಿ.